ಹಲ್ಲು ಕೀಳದೆ ಕಳಿಸಿದವರಿಗೂ, ಕಿವಿ ಕಾಯ್ದವರಿಗೂ

ಕೊಪ್ಪಳದ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಈ ವಾರ ನರದ ನೋವಿನ ಔಷಧ ಕಾರ್ಬಮಜೆಪಿನ್‌ನ ಕೊನೆಯ ಗುಳಿಗೆ ನುಂಗಿದಳು. ಮುಖದ ನೋವು ಈಗ ಇಲ್ಲ. ಮನೆಯವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಅವಳನ್ನು ನೋಡಿಕೊಂಡ ಮಕ್ಕಳ ವಿಭಾಗದ ನಾವು ಕೆಲವರಿಗೆ ಕೈ ಮುಗಿಯಬೇಕಿದೆ.

ಮೊದಲು ಹಲ್ಲಿನ ಡಾಕ್ಟರಿಗೆ. "ಹಲ್ಲು ತಿಕ್ಕಾಕ ಅಂಜತಾಳ್ರೀ ಸರ, ಕಿತ್ತೇ ಬಿಡ್ರಿ" ಎಂದು ತಾಯಿ ಬೇಡಿಕೊಂಡರೂ ಅವರು ಇಕ್ಕಳ ಮುಟ್ಟಲಿಲ್ಲ. ಹುಳುಕಿಲ್ಲ, ಒಸಡು ಊದಿಲ್ಲ, ಹಲ್ಲು ತಟ್ಟಿದರೆ ನೋವಿಲ್ಲ. ಆದರೆ ಮೂಗಿನ ಪಕ್ಕ ಬೆರಳು ತಾಗಿದರೆ, ಫ್ಯಾನಿನ ಗಾಳಿ ಬಡಿದರೆ, ಜೋಳದ ರೊಟ್ಟಿ ಅಗಿದರೆ ಕರೆಂಟು ಹೊಡೆದಂಥ ನೋವು. ಕೆಲವು ಸೆಕೆಂಡು, ಹೆಚ್ಚೆಂದರೆ 2 ನಿಮಿಷ. ಇದು ಮುಖದ ಸ್ಪರ್ಶ-ನೋವು ತಿಳಿಸುವ ಐದನೇ ಕಪಾಲ ನರದ ಕಾಟ, ಟ್ರೈಜೆಮಿನಲ್ ನ್ಯೂರಾಲ್ಜಿಯಾ ಇರಬಹುದು ಎಂದು ಚೀಟಿ ಬರೆದು ಕಳಿಸಿದರು. ಸಾಮಾನ್ಯವಾಗಿ 50 ದಾಟಿದವರಿಗೆ ಬರುವ ಬೇನೆ ಇದು. ಮಕ್ಕಳಲ್ಲಿ ತೀರಾ ಅಪರೂಪವಾದ್ದರಿಂದಲೇ ಎಷ್ಟೋ ಸಲ ಗಟ್ಟಿ ಹಲ್ಲುಗಳು ವೃಥಾ ಹೋಗುತ್ತವೆ.

ಲ್ಯಾಬಿನವರಿಗೆ: ಗುಳಿಗೆಗೆ ಮೊದಲೇ ಎಚ್‌ಎಲ್‌ಎ-ಬಿ 1502 ಪರೀಕ್ಷೆಗೆ ರಕ್ತ ಕಳಿಸಿ, ವರದಿ ಬರುವ ತನಕ ಬೆನ್ನು ಹತ್ತಿದಿರಿ. ಆ ಜೀನ್ ಇದ್ದವರಿಗೆ ಕಾರ್ಬಮಜೆಪಿನ್ ಕೊಟ್ಟರೆ ಚರ್ಮ ಸುಲಿಯುವ ಸ್ಟೀವನ್ಸ್-ಜಾನ್ಸನ್ ತೊಂದರೆಯ ಅಪಾಯ ಹೆಚ್ಚು. 100 ಮಿ.ಗ್ರಾಂ ದಿನಕ್ಕೆರಡು ಸಲದಿಂದ ಶುರು ಮಾಡಿದಾಗ ನೋವು ಹಿಡಿತಕ್ಕೆ ಬಂತು. ಡೋಸ್ ಏರಿಸಿದಂತೆ ತೂಕಡಿಕೆ, ಸೋಡಿಯಂ ಇಳಿತ, ಮೇಲೆ ನೋವೂ ವಾಪಸ್. ಆಪರೇಷನ್ ಮಾತು ಎತ್ತಿದ್ದು ಆಗ.

ಎಂಆರ್‌ಐ ತಂತ್ರಜ್ಞರಿಗೆ ವಿಶೇಷ ವಂದನೆ. ತಲೆಯ ಮಾಮೂಲಿ ಸ್ಕ್ಯಾನಿನ ದಪ್ಪ ಪದರಗಳಲ್ಲಿ ಗಡ್ಡೆ ಕಂಡೀತು, ಈ ನರಕ್ಕೆ ಆತುಕೊಂಡು ನೋವು ತರುವ ಸಣ್ಣ ರಕ್ತನಾಳ ತಪ್ಪಿಹೋಗುತ್ತದೆ. ಹಳೆಯ ವರದಿಯ 'ನಾರ್ಮಲ್' ಅಷ್ಟಕ್ಕಷ್ಟೇ. 1 ಮಿ.ಮೀ.ಗಿಂತ ತೆಳು ಪದರದ ಸಿಐಎಸ್‌ಎಸ್ ಎಂಬ ವಿಶೇಷ ಎಂಆರ್‌ಐ ಚಿತ್ರ ತೆಗೆದಾಗಲೇ ನರದ ಮೇಲಿನ ಒತ್ತು ಕಂಡದ್ದು.

ಆಯುಷ್ಮಾನ್ ಕಾರ್ಡಿನ ರೆಫರಲ್ ಪತ್ರ ಮಾಡಿಸಿಕೊಟ್ಟ ಆರೋಗ್ಯಮಿತ್ರರಿಗೂ ನಮಸ್ಕಾರ.

ಇನ್ನು ಬೆಂಗಳೂರಿನ ಶಸ್ತ್ರಚಿಕಿತ್ಸಾ ತಂಡ. ಅವರು ಮಾಡಿದ ಆಪರೇಷನ್ ಮೈಕ್ರೋವ್ಯಾಸ್ಕುಲರ್ ಡಿಕಂಪ್ರೆಷನ್ ಎಂದರೆ ನರ ಕತ್ತರಿಸುವುದಲ್ಲ, ಅದನ್ನು ಒತ್ತುವ ನಾಳವನ್ನು ಬೇರ್ಪಡಿಸುವುದು. ಅಮೆರಿಕದ ಮೆದುಳು ಶಸ್ತ್ರಚಿಕಿತ್ಸಕ ಪೀಟರ್ ಜನೆಟ್ಟಾ 1960ರ ದಶಕದಲ್ಲಿ ಮೈಕ್ರೋಸ್ಕೋಪಿನಡಿ ರೂಢಿಗೆ ತಂದ ಕ್ರಮ. ಕಿವಿಯ ಹಿಂದೆ ಕೊಯ್ದು, ಬುರುಡೆಯಲ್ಲಿ ಸುಮಾರು 3 ಸೆಂ.ಮೀ. ಕಿಂಡಿ ಮಾಡಿ, ಪೊರೆ ತೆರೆದು, ಮೆದುಳಿನ ನೀರನ್ನು ನಿಧಾನ ಹೊರಬಿಡುತ್ತಾರೆ. ಕಿರುಮೆದುಳು ತಾನಾಗಿ ಸಡಿಲಾಗುವವರೆಗೆ ಕಾಯಬೇಕು. ಅವಸರಪಟ್ಟು ಜಗ್ಗಿದರೆ ಪಕ್ಕದ, ಕೇಳಿಸಿಕೊಳ್ಳುವ ಎಂಟನೇ ನರಕ್ಕೆ ಪೆಟ್ಟು, ಕಿವಿ ಹೋದಂತೆ. ಹಾಗಾಗಿ ಕೊನೆಯವರೆಗೂ ಕಿವಿಗೆ ಟಿಕ್ ಟಿಕ್ ಸದ್ದು ಕೊಟ್ಟು ಆ ನರ ತೋರುವ ಅಲೆಗಳ ಮೇಲೆ ಕಣ್ಣಿಟ್ಟ ತಂತ್ರಜ್ಞೆಗೂ ಈ ಧನ್ಯವಾದದಲ್ಲಿ ದೊಡ್ಡ ಪಾಲು.

ದೊಡ್ಡವರಲ್ಲಿ ಬಹುಪಾಲು ಕಿರುಮೆದುಳಿಗೆ ರಕ್ತ ಒಯ್ಯುವ ಸುಪೀರಿಯರ್ ಸೆರಿಬೆಲ್ಲಾರ್ ಅಪಧಮನಿ ಒತ್ತುತ್ತದೆ. ಮಕ್ಕಳಲ್ಲಿ ಅಭಿಧಮನಿಯ ಪಾತ್ರ ಹೆಚ್ಚು. ಇವಳಲ್ಲಿ ಎರಡೂ ಇದ್ದವು. ಅಪಧಮನಿಯನ್ನು ಸರಿಸಿ ನಡುವೆ ಟೆಫ್ಲಾನ್ ನಾರಿನ ಚಿಕ್ಕ ಉಂಡೆಗಳನ್ನಿಟ್ಟರು. ಟೆಫ್ಲಾನ್ ಅತಿಯಾದರೆ ಸುತ್ತ ಗಂಟು ಬೆಳೆದು ಮತ್ತೆ ಒತ್ತಬಹುದು. ಅಭಿಧಮನಿ ಕಡಿಯಲು ಸುಲಭ, ಆದರೆ ದೊಡ್ಡದನ್ನು ಕಡಿದರೆ ಕಿರುಮೆದುಳು ಊದುವ ಭಯ. ಅವರು ಅಂಟಿದ ಪೊರೆ ಬಿಡಿಸಿ ಅಭಿಧಮನಿಯನ್ನು ಉಳಿಸಿದರು. ನಮ್ಮ ಮೆಚ್ಚುಗೆ ಎಲ್ಲಕ್ಕಿಂತ ಹೆಚ್ಚು ಈ ತಾಳ್ಮೆಗೆ. ಕೊನೆಗೆ ಎಲುಬಿನ ಗಾಳಿಗೂಡುಗಳಿಗೆ ಮೇಣ ಮೆತ್ತಿ, ನೀರು ಸೋರದಂತೆ ಪೊರೆ ಹೊಲಿದರು.

ವಾರ್ಡಿನ ಸಿಸ್ಟರ್‌ಗಳು ತಾಯಿಗೆ ಹೇಳಿಕೊಟ್ಟದ್ದು ಎಲ್ಲರಿಗೂ ಬೇಕಾದದ್ದು: ಮೂಗಿನಿಂದ ತಿಳಿನೀರು, ಗಂಟಲಲ್ಲಿ ಉಪ್ಪುಪ್ಪು, ಜ್ವರ, ಕುತ್ತಿಗೆ ಬಿಗಿತ ಕಂಡರೆ ತಡಮಾಡಬೇಡಿ, ಮಲಬದ್ಧತೆಗೆ ಬಿಡಬೇಡಿ, ತಿಣುಕಿದರೆ ಹೊಲಿಗೆಯ ಮೇಲೆ ಒತ್ತಡ ಬೀಳುತ್ತದೆ.

ತಂದೆತಾಯಿಗೂ ವಂದನೆ. ಆಪರೇಷನ್ ಆದ ಕೂಡಲೇ ನೋವು ನಿಂತರೂ ಗುಳಿಗೆಯನ್ನು ದಿಢೀರ್ ಬಿಡಿಸದೆ, ನಾವು ಬರೆದಂತೆ ಹಂತಹಂತವಾಗಿ ಇಳಿಸಿದಿರಿ. ಅಭಿಧಮನಿ ಒತ್ತಿದ್ದ ಮಕ್ಕಳಲ್ಲಿ ನೋವು ಮರುಕಳಿಸುವ ಸಾಧ್ಯತೆ ಹೆಚ್ಚು ಎಂಬುದನ್ನು ನಿಮ್ಮಿಂದ ಮುಚ್ಚಿಟ್ಟಿಲ್ಲ. ಹಾಗಾದರೆ ಉಳಿದ ಗುಳಿಗೆ ಹುಡುಕಿ ಕೊಡಬೇಡಿ, ಹಲ್ಲನ್ನೂ ಬೈಯಬೇಡಿ. ಸ್ಕ್ಯಾನಿನ ಸಿ.ಡಿ. ಸಮೇತ ಸೀದಾ ಒಪಿಡಿಗೆ ಬನ್ನಿ.