ಮಾಂಟೆ ಬೆಲ್ಲೊ ಬೆಟ್ಟದಿಂದ ಬಂದ ಮೇಲೆ, ಗೆಳೆಯನಿಗೊಂದು ಪತ್ರ

ಗೆಳೆಯಾ,

ನಿನ್ನೆ ರಿಡ್ಜ್ ವೈನರಿಗೆ ಹೋಗಿ ಬಂದೆ. ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊ ಊರಿನ ಹಿಂದೆ ಮಾಂಟೆ ಬೆಲ್ಲೊ ಬೆಟ್ಟ ಇದೆಯಲ್ಲ, ಅದರ ಮೇಲೆ. ಕೆಳಗೆ ಪೂರ್ತಿ ಸಿಲಿಕಾನ್ ವ್ಯಾಲಿ. ಮೇಲೇರುತ್ತಾ ರಸ್ತೆ ಕಿರಿದಾಗುತ್ತದೆ, ತಿರುವಿನ ಮೇಲೆ ತಿರುವು. ಆಮೇಲೆ ಬರೀ ದ್ರಾಕ್ಷಿ ಬಳ್ಳಿ, ಗಾಳಿ.

ಈ ತೋಟದ ಕಥೆ ಶುರುವಾಗುವುದು 1885ರಲ್ಲಿ. ಓಸಿಯಾ ಪೆರೋನೆ ಅಂತ ಸ್ಯಾನ್ ಫ್ರಾನ್ಸಿಸ್ಕೊದ ಇಟಾಲಿಯನ್ ಡಾಕ್ಟರು ಬೆಟ್ಟದ ತುದಿಯಲ್ಲಿ 180 ಎಕರೆ ಕೊಂಡರು. ಇಳಿಜಾರನ್ನು ಮೆಟ್ಟಿಲಾಗಿ ಕಡಿಸಿ ಬಳ್ಳಿ ನೆಟ್ಟರು. ಅಲ್ಲೇ ಸಿಕ್ಕ ಸುಣ್ಣಕಲ್ಲಿನಿಂದ ವೈನರಿ ಕಟ್ಟಿಸಿದರು. ಮೊದಲ ಮಾಂಟೆ ಬೆಲ್ಲೊ ವೈನ್ 1892ರದ್ದು. 1920ರಲ್ಲಿ ಪಾನನಿಷೇಧ ಬಂತು, ಕೊನೆಗೆ ತೋಟ ಪಾಳು ಬಿತ್ತು. 1940ರ ದಶಕದಲ್ಲಿ ವಿಲಿಯಂ ಶಾರ್ಟ್ ಎಂಬುವರು ಅದರ ಕೆಳಗಿದ್ದ ಇನ್ನೊಂದು ಪಾಳು ತೋಟ ಕೊಂಡು, ಕೆಬರ್ನೆ ಸುವಿನ್ಯೋನ್ ಎಂಬ ಕೆಂಪು ವೈನ್ ದ್ರಾಕ್ಷಿಯ ಬಳ್ಳಿ ನೆಟ್ಟರು.

ನಿನಗೆ ಹೇಳಲೇಬೇಕು ಅನ್ನಿಸಿದ್ದು ಇದಾದ ಮೇಲಿನದು. 1959ರಲ್ಲಿ ಆ ತೋಟ ಕೊಂಡವರು ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಕೆಲಸಕ್ಕಿದ್ದ ಡೇವ್ ಬೆನಿಯನ್ ಮತ್ತು ಅವರ ಮೂವರು ಗೆಳೆಯರು. ಅವರಲ್ಲೊಬ್ಬರು ಚಾರ್ಲಿ ರೋಸೆನ್. ಆಮೇಲೆ ಶೇಕಿ ಎಂಬ, ತಾನೇ ಯೋಚಿಸಿ ಓಡಾಡುವ ರೋಬೊ ಮಾಡಿದ ತಂಡ ಕಟ್ಟಿದವರೇ ಇವರು! ಆ ವರ್ಷ ಇವರು ಮಾಡಿದ್ದು ಕಾಲು ಪೀಪಾಯಿ ವೈನ್, ಅಷ್ಟೇ. ಅದು ಎಷ್ಟು ಚೆನ್ನಾಗಿ ಬಂತೆಂದರೆ, 1962ರ ಫಸಲಿನ ಹೊತ್ತಿಗೆ ವೈನರಿಯನ್ನೇ ಮತ್ತೆ ಶುರು ಮಾಡಿದರು. ಆ ಕಾಲು ಪೀಪಾಯಿ ಕೆಟ್ಟಿದ್ದರೆ ಇವತ್ತು ಅಲ್ಲಿ ಏನಿರುತ್ತಿತ್ತೋ.

1969ರಲ್ಲಿ ವೈನ್ ತಯಾರಿಸಲು ಪಾಲ್ ಡ್ರೇಪರ್ ಬಂದರು. ಓದಿದ್ದು ತತ್ವಶಾಸ್ತ್ರ. ಹೊರಗಿನ ಯೀಸ್ಟ್ ಹಾಕದೆ, ದ್ರಾಕ್ಷಿಯ ಜೊತೆ ಬಂದ ಯೀಸ್ಟಿನಿಂದಲೇ ರಸ ಹುದುಗಬೇಕು ಅನ್ನುವುದು ಅವರ ಪಟ್ಟಾಗಿತ್ತು. 2011ರ ಫಸಲಿನಿಂದ ರಿಡ್ಜ್‌ನವರು ಬಾಟಲಿಯ ಮೇಲೆ ಒಳಗೇನೇನಿದೆ ಅಂತ ಬರೆಯುತ್ತಾರೆ. ಆಗ ಹಾಗೆ ಬರೆಯುವವರು ಎಷ್ಟು ಕಡಿಮೆ ಇದ್ದರು ಗೊತ್ತಾ? ನನಗೆ ಇದಕ್ಕೇ ಅವರ ಮೇಲೆ ಗೌರವ ಜಾಸ್ತಿ.

ಕ್ಯಾಲಿಫೋರ್ನಿಯಾ ವೈನ್‌ಗಳನ್ನು ಫ್ರೆಂಚ್ ವೈನ್‌ಗಳ ಎದುರಿಗಿಟ್ಟ 1976ರ ಪ್ಯಾರಿಸ್ ಸ್ಪರ್ಧೆ ನಿನಗೆ ಗೊತ್ತೇ ಇದೆ. ಹೆಸರು ಮುಚ್ಚಿಟ್ಟು ರುಚಿ ನೋಡಿದಾಗ ರಿಡ್ಜ್‌ನ 1971ರ ಮಾಂಟೆ ಬೆಲ್ಲೊ ಕೆಂಪು ವೈನ್‌ಗಳಲ್ಲಿ ಐದನೆಯದಾಯಿತು. ಮೂವತ್ತು ವರ್ಷದ ನಂತರ, 2006ರಲ್ಲಿ, ಅವೇ ಕೆಂಪು ವೈನ್‌ಗಳನ್ನು ಮತ್ತೆ ರುಚಿ ನೋಡಿದರು. ಈ ಸಲ ಅದೇ ಮೊದಲು! ಬೆಟ್ಟದ ಹಣ್ಣಿನ ಗುಣ ಅದು. ತೆಳು ಮಣ್ಣು, ಕೆಳಗೆ ಸುಣ್ಣಕಲ್ಲು, ಪೆಸಿಫಿಕ್ ಕಡಲಿನ ತಂಪು. ಹಣ್ಣು ನಿಧಾನಕ್ಕೆ ಮಾಗುತ್ತದೆ, ಹುಳಿ ಉಳಿಯುತ್ತದೆ. ವೈನ್ ದಶಕಗಟ್ಟಲೆ ಬಾಳುವುದು ಆ ಹುಳಿ, ಒಗರಿನಿಂದಲೇ.

ಹಳೆಯ ಬಳ್ಳಿಗಳ ಜಿನ್‌ಫಂಡೆಲ್, ಅಂದರೆ ಇನ್ನೊಂದು ಜಾತಿಯ ದ್ರಾಕ್ಷಿಯ ಕೆಂಪು ವೈನ್ ಕೂಡ ಇವರಲ್ಲಿ ಚೆನ್ನ. ಗೈಸರ್‌ವಿಲ್, ಲಿಟ್ಟನ್ ಸ್ಪ್ರಿಂಗ್ಸ್ ಎರಡೂ ಕುಡಿದೆ. ಎರಡೂ ಬೇರೆ ಊರಿನ ತೋಟಗಳದ್ದು, ಕುಡಿದ ಕೂಡಲೇ ಹಿಡಿಸುತ್ತವೆ. ಮಾಂಟೆ ಬೆಲ್ಲೊ ಹಾಗಲ್ಲ. ಮೊದಲ ಗುಟುಕಿಗೆ, ಬಲಿಯದ ನೇರಳೆ ಕಚ್ಚಿದ ಹಾಗೆ ನಾಲಿಗೆ ಬಿಗಿಯಿತು. ಗ್ಲಾಸು ಪಕ್ಕಕ್ಕಿಟ್ಟು ಕಣಿವೆ ನೋಡುತ್ತಾ ಕೂತೆ. ಅರ್ಧ ಗಂಟೆ ಬಿಟ್ಟು ಮೂಸಿದರೆ ಆಗ ತಾನೇ ಕೆತ್ತಿದ ಪೆನ್ಸಿಲ್ಲಿನ ವಾಸನೆ, ಅದರ ಹಿಂದೆ ಕಪ್ಪು ಹಣ್ಣು. ಒಗರು ಇತ್ತು, ಆದರೆ ಮೆತ್ತಗಾಗಿತ್ತು.

ಒಂದು ಬಾಟಲಿ ತಂದು ಕಪಾಟಿನಲ್ಲಿ ಅಡ್ಡ ಮಲಗಿಸಿದ್ದೇನೆ. ಇನ್ನೂ ಎಳಸು. ನೀನು ಬರುವ ದಿನ ಮೊದಲೇ ತಿಳಿಸು, ಎರಡು ಗಂಟೆ ಮುಂಚೆ ಜಗ್ಗಿಗೆ ಬಗ್ಗಿಸಿಡುತ್ತೇನೆ.

ನಿನ್ನ ಗೆಳೆಯ