ಎಣ್ಣೆ ಕಣ್ಣಿಗೆ ಕಾಣದು, ಚೆಂಡಿಗೆ ಗೊತ್ತಾಗುತ್ತದೆ

ಪ್ರಿಯ ಗೆಳೆಯಾ,

ಟೆನ್‌ಪಿನ್ ಬೌಲಿಂಗ್‌ನ ನಿನ್ನ ಚೆಂಡು ಗಜರಾಜನ ಬಗ್ಗೆ "ಚೆಂಡು ಸತ್ತುಹೋಗಿದೆ" ಅಂತ ಬರೆದಿದ್ದೀಯ. ಗಜರಾಜ ಅಷ್ಟು ಸುಲಭಕ್ಕೆ ಸಾಯುವ ಪೈಕಿ ಅಲ್ಲ ಮಾರಾಯ. ಮೊದಲ ಗೇಮಿನಲ್ಲಿ ಪಾಕೆಟ್‌ಗೆ (ಎಲ್ಲಕ್ಕಿಂತ ಮುಂದಿರುವ ಹೆಡ್‌ಪಿನ್ ಮತ್ತು ಅದರ ಬಲಹಿಂದಿನ ಪಿನ್ನಿನ ನಡುವಿನ ಸಂದಿಗೆ) ಹೋಗುತ್ತಿದ್ದದ್ದು ಮೂರನೆಯದರಲ್ಲಿ ಹೆಡ್‌ಪಿನ್ನಿನ ಮೂಗಿಗೇ ಬಡಿಯುತ್ತಿದೆ ಅಂದರೆ ಬದಲಾಗಿರುವುದು ಲೇನ್, ಅಂದರೆ ಚೆಂಡು ಸಾಗುವ ಹಾದಿ. ಈ ಗೋಳು ನಿನ್ನೊಬ್ಬನದಲ್ಲ, ಅದಕ್ಕೇ ಎಲ್ಲರೂ ಓದುವಲ್ಲಿ ಬರೆಯುತ್ತಿದ್ದೇನೆ.

ಎಸೆಯುವಾಗ ದಾಟಬಾರದ ಫೌಲ್ ಗೆರೆಯಿಂದ ಹೆಡ್‌ಪಿನ್ನಿಗೆ 60 ಅಡಿ, ಅಗಲಕ್ಕೆ 39 ಬೋರ್ಡ್, ಅಂದರೆ ಉದ್ದನೆಯ ಪಟ್ಟಿಗಳು (ಬಲಗೈಯವರಿಗೆ ಬಲ ಅಂಚಿನಿಂದ ಎಣಿಕೆ). ಲೇನ್‌ಗೆ ಬಳಿದ ಎಣ್ಣೆ ಇರುವುದು ಸುಮಾರು ಮೊದಲ 40 ಅಡಿಗೆ, ಮುಂದೆ ಒಣ. ಎಣ್ಣೆಯ ಮೇಲೆ ಜಾರುವ ಚೆಂಡು ಒಣ ಜಾಗದಲ್ಲಿ ಹಿಡಿತ ಸಿಕ್ಕಾಗ ತಿರುಗಿ, ಆಮೇಲೆ ಉರುಳುತ್ತದೆ. ಎಲ್ಲಿ ತಿರುಗಬೇಕು ಎಂಬುದಕ್ಕೆ ಒಂದು ಅಂದಾಜಿದೆ: ಎಣ್ಣೆಯ ಉದ್ದದಲ್ಲಿ 31 ಕಳೆ. 40 ಅಡಿಯಾದರೆ 9ನೇ ಬೋರ್ಡ್, 35 ಆದರೆ 4ನೇದು, ಅಂದರೆ ಲೇನ್ ಅಂಚಿನ ಕಾಲುವೆಯಾದ ಗಟರ್‌ನ ಪಕ್ಕ. 45 ಅಡಿಯ ಉದ್ದದ ಎಣ್ಣೆಯಲ್ಲಿ 14ನೇ ಬೋರ್ಡ್‌ಗಿಂತ ತೀರಾ ಹೊರಗೆ ಹೋದ ಚೆಂಡಿಗೆ ವಾಪಸ್ಸು ಬರಲು ಜಾಗವೇ ಉಳಿಯುವುದಿಲ್ಲ.

ಹೊಸ ಚೆಂಡು ಕೊಳ್ಳುವ ಮಾತು ಬಿಡು. ಎಲ್ಲರೂ ಚೆಂಡಿನೊಳಗಿನ ತಿರುಳಾದ ಕೋರ್ ಬಗ್ಗೆಯೇ ಮಾತಾಡುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಮೇಲ್ಮೈ. 500 ಅಥವಾ 1000 ಗ್ರಿಟ್‌ನ (ಸಂಖ್ಯೆ ಕಡಿಮೆಯಾದಷ್ಟೂ ಒರಟು) ಅಬ್ರಲಾನ್ ಎಂಬ ಉಜ್ಜುವ ಪ್ಯಾಡಿನಲ್ಲಿ ಉಜ್ಜಿದ ಚೆಂಡು ದಟ್ಟ ಎಣ್ಣೆಯಲ್ಲೂ ಬೇಗ ಹಿಡಿಯುತ್ತದೆ. 4000 ಗ್ರಿಟ್ ಅಥವಾ ಪಾಲಿಶ್ ಆದರೆ ಇನ್ನೂ ದೂರ ಜಾರಿ, ತಡವಾಗಿ ಚುರುಕಾಗಿ ತಿರುಗುತ್ತದೆ. ಒರಟು ಚೆಂಡನ್ನು ಒಣ ಲೇನ್‌ನಲ್ಲಿ ಎಸೆದರೆ ಶಕ್ತಿಯೆಲ್ಲ ಅರ್ಧದಾರಿಯಲ್ಲೇ ಖರ್ಚು. ಆಗ ಪಾಕೆಟ್‌ಗೆ ಬಡಿದರೂ 6ನೇ ಪಿನ್ ಸೋತು ಗಟರ್‌ಗೆ ಒರಗುತ್ತದೆ, ಬಲ ಮೂಲೆಯ 10ನೇದು ನಿಂತೇ ಇರುತ್ತದೆ. ನುಣುಪು ಚೆಂಡನ್ನು ದಟ್ಟ ಎಣ್ಣೆಗೆ ಬಿಟ್ಟರೆ ತಿರುಗುವ ಹೊತ್ತಿಗೆ ಪಿನ್‌ಗಳೇ ಎದುರಾಗಿರುತ್ತವೆ. ಉಜ್ಜುವುದಿದ್ದರೆ ಚೆಂಡಿನ ಎಲ್ಲ ಬದಿಗೂ ಸಮನಾಗಿ ಉಜ್ಜು, ಅದೂ ಸ್ಪರ್ಧೆ ಶುರುವಾಗುವ ಮೊದಲೇ, ನಡುವೆ ಉಜ್ಜುವಂತಿಲ್ಲ.

ಈಗ ನಿನ್ನ ಮೂರನೇ ಗೇಮ್. 1990ರ ದಶಕದ ಆರಂಭದಿಂದ ಬಂದ ರಿಯಾಕ್ಟಿವ್ ರೆಸಿನ್ ಹೊರಪದರದ ಚೆಂಡುಗಳು ಎಣ್ಣೆ ಹೀರುತ್ತವೆ. ಎಲ್ಲರೂ ಅದೇ ದಾರಿಯಲ್ಲಿ ಎಸೆಯುತ್ತ ಹೋದಂತೆ ಅಲ್ಲಿ ಎಣ್ಣೆ ತೆಳುವಾಗಿ ಚೆಂಡು ಬೇಗ ತಿರುಗುತ್ತದೆ. ಬಲಗೈಯವನಾದ ನೀನು ಪಾದ 2 ಬೋರ್ಡ್ ಎಡಕ್ಕೆ, ಗುರಿ 1 ಬೋರ್ಡ್ ಎಡಕ್ಕೆ ಸರಿಸು. ಸಾಲದಿದ್ದರೆ ಮತ್ತೊಮ್ಮೆ. ಯುರೆಥೇನ್ ಮತ್ತು ಪ್ಲಾಸ್ಟಿಕ್ ಚೆಂಡು ಹೆಚ್ಚು ಹೀರುವುದಿಲ್ಲ, ಎಣ್ಣೆಯನ್ನು ಮುಂದಿನ ಒಣ ಜಾಗಕ್ಕೆ ಎಳೆದೊಯ್ಯುತ್ತವೆ. ಆಗ ಲಕ್ಷಣ ತಿರುವುಮುರುವು: ಚೆಂಡು ತಡವಾಗಿ ತಿರುಗಿ ಪಾಕೆಟ್‌ನ ಬಲಕ್ಕೇ ಉಳಿಯುತ್ತದೆ. ಅದನ್ನು ಕಂಡೂ ಎಡಕ್ಕೆ ಸರಿದರೆ ಇನ್ನೂ ಕೆಡುತ್ತದೆ. ಸರಿಯುವ ಮುಂಚೆ ಚೆಂಡು ಎಲ್ಲಿ ತಿರುಗಿತು ಅಂತ ನೋಡು, ಎಷ್ಟು ಪಿನ್ ಬಿತ್ತು ಅಂತಲ್ಲ.

ಇದನ್ನೆಲ್ಲ ಬರೆಯುತ್ತಿರುವಾಗ ಒಂದು ಮಾತು ಒಳಗೆ ಕೊರೆಯುತ್ತಿದೆ. ಬೌಲಿಂಗ್ ಕೇಂದ್ರಗಳು ದಿನನಿತ್ಯ ಹಾಕುವ ಎಣ್ಣೆಯ ವಿನ್ಯಾಸ, ಅಂದರೆ ಸಾಮಾನ್ಯ ಹೌಸ್ ಪ್ಯಾಟರ್ನ್‌ನಲ್ಲಿ ನಡುವೆ ಎಣ್ಣೆ ದಟ್ಟ, ಅಂಚುಗಳಲ್ಲಿ ತೆಳು. ಅನುಪಾತ 10ಕ್ಕೆ 1ರ ಆಸುಪಾಸು ಇರಬಹುದು. ಕೈ ತಪ್ಪಿ ಹೊರಗೆ ಹೋದ ಚೆಂಡನ್ನು ಒಣ ಅಂಚು ವಾಪಸ್ಸು ತಿರುಗಿಸುತ್ತದೆ. ಒಳಗೆ ಬಂದದ್ದನ್ನು ನಡುವಿನ ಎಣ್ಣೆ ತಿರುಗಗೊಡುವುದಿಲ್ಲ. ಎರಡೂ ಪಾಕೆಟ್‌ಗೇ ಸೇರುತ್ತವೆ. ಕಠಿಣ ಸ್ಪರ್ಧೆಗಳ ಸ್ಪೋರ್ಟ್ ಪ್ಯಾಟರ್ನ್‌ನಲ್ಲಿ ಈ ಅನುಪಾತ ಬಹಳ ಕಡಿಮೆ, ಆ ದಯೆ ಅಲ್ಲಿಲ್ಲ. ಹಾಗಾದರೆ ನಾವು ಹೆಮ್ಮೆಪಡುವ ಸರಾಸರಿಯಲ್ಲಿ ಕೈಯದೆಷ್ಟು, ಎಣ್ಣೆ ಯಂತ್ರದ್ದೆಷ್ಟು? ಒಂದೇ ಎಸೆತಕ್ಕೆ ಹತ್ತೂ ಪಿನ್ ಉರುಳಿ ಸ್ಟ್ರೈಕ್ ಬಿದ್ದ ಖುಷಿಯಲ್ಲೂ ಈಗೀಗ ಈ ಪ್ರಶ್ನೆ ಎದ್ದು ನಿಲ್ಲುತ್ತದೆ. ಆ ಖುಷಿ ಮೊದಲಿನಷ್ಟು ನಿರಾಳವಾಗಿಲ್ಲ. ಎಲ್ಲರೆದುರು ಇಷ್ಟು ಹೇಳಿಕೊಳ್ಳಬೇಕೆಂದಿರಲಿಲ್ಲ, ಬಂದುಬಿಟ್ಟಿತು.

ಇರಲಿ. ಪ್ರತಿ ಎಸೆತದ ಮುಂಚೆ ಒಣ ಟವೆಲ್ಲಿನಿಂದ ಚೆಂಡಿನ ಮೇಲಿನ ಎಣ್ಣೆಯ ಉಂಗುರಗಳನ್ನು ಒರೆಸು. ಆಟ ಮುಗಿದ ಕೂಡಲೇ, ಎಣ್ಣೆ ಒಳಗಿಳಿಯುವ ಮುಂಚೆ, ಕ್ಲೀನರ್ ಹಾಕಿ ತೊಳೆ. ಮುಂದಿನ ಸಲ ಲೇನ್‌ಗೆ ಎಣ್ಣೆ ಬಳಿಯುವವರನ್ನು ಅದು ಎಷ್ಟು ಅಡಿ ಎಂದು ಕೇಳಿ ನನಗೆ ಬರೆ, ಎಲ್ಲಿಂದ ಶುರುಮಾಡಬೇಕೆಂದು ಇಬ್ಬರೂ ಲೆಕ್ಕ ಹಾಕೋಣ.

ನಿನ್ನವ