ಎಸೆತದ ಅಬ್ಬರದಲ್ಲಿ ಓಟದ ಲೆಕ್ಕ ಮರೆಯದಿರಲಿ

ಮಾನ್ಯ ಸಂಪಾದಕರೇ,

ಅಮೆರಿಕದ ಕಾಲೇಜು ಫುಟ್‌ಬಾಲ್ ಬಗ್ಗೆ ಕನ್ನಡದ ಕ್ರೀಡಾಪುಟಗಳಲ್ಲಿ ಆಗೊಮ್ಮೆ ಈಗೊಮ್ಮೆ ಬರಹಗಳು ಕಾಣುತ್ತಿರುವುದು ಸಂತೋಷದ ಸಂಗತಿ. ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಹೋದ ಮಕ್ಕಳಿಂದಾಗಿ ಇಲ್ಲಿನ ಎಷ್ಟೋ ಮನೆಗಳಿಗೆ ಈ ಆಟದ ಪರಿಚಯವಾಗಿದೆ. ಆದರೆ ಇಂಥ ಬರಹಗಳು ಸಾಮಾನ್ಯವಾಗಿ ಒಂದೇ ತೀರ್ಮಾನಕ್ಕೆ ಬರುತ್ತವೆ: ಚೆಂಡನ್ನು ಎದೆಗಪ್ಪಿ ನುಗ್ಗುವ ಓಟದ ಕಾಲ ಮುಗಿಯಿತು, ಇನ್ನೇನಿದ್ದರೂ ಚೆಂಡನ್ನು ಮುಂದಕ್ಕೆ ಎಸೆಯುವ ಪಾಸ್‌ನ ಕಾಲ. ದೈಹಿಕ ಶಿಕ್ಷಣ ಬೋಧಕನಾಗಿ ದುಡಿದು ನಿವೃತ್ತನಾದ ನನಗೆ ಈ ತೀರ್ಮಾನ ಒಪ್ಪಿಗೆಯಾಗುವುದಿಲ್ಲ. ಪಾಸ್ ಬೆಳೆದಿರುವುದು ನಿಜ, ಆದರೆ ಅದು ಓಟವನ್ನು ಮೂಲೆಗೆ ತಳ್ಳಿಲ್ಲ. ಓಟಕ್ಕೆ ಹೊಸ ದಾರಿ ತೆರೆದಿದೆ.

ಈ ಆಟದಲ್ಲಿ ಹತ್ತು ಗಜ ಮುಂದೆ ಸಾಗಲು ತಂಡಕ್ಕೆ ನಾಲ್ಕು ಯತ್ನಗಳಿರುತ್ತವೆ. ಪ್ರತಿ ಯತ್ನದಲ್ಲೂ ಚೆಂಡು ಹಿಡಿದು ಓಡಬಹುದು, ಇಲ್ಲವೇ ಮುಂದಿರುವ ಜೊತೆಗಾರನಿಗೆ ಎಸೆಯಬಹುದು. ಮೊದಲು ಎಸೆಯಲು ಅವಕಾಶವೇ ಇರಲಿಲ್ಲ. ಗುಂಪುಗಟ್ಟಿ ನುಗ್ಗುವ ಆಟದಿಂದಾಗಿ ಹಲವು ಯುವಕರು ಪ್ರಾಣ ಕಳೆದುಕೊಂಡಾಗ, 1905ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್ ಮತ್ತು ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ಸುಧಾರಿಸುವಂತೆ ಒತ್ತಾಯಿಸಿದರು. ಮರುವರ್ಷ ಮುಂದಕ್ಕೆ ಎಸೆಯುವುದಕ್ಕೆ ನಿಯಮದ ಮಾನ್ಯತೆ ಸಿಕ್ಕಿತು, ಮತ್ತು 1906ರ ಸೆಪ್ಟೆಂಬರ್ 5ರಂದು ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಬ್ರಾಡ್‌ಬರಿ ರಾಬಿನ್ಸನ್ ಮೊದಲ ಅಧಿಕೃತ ಪಾಸ್ ಎಸೆದರು. ಹಾಗಿದ್ದರೂ ಆಟ ಒಡನೆಯೇ ಬದಲಾಗಲಿಲ್ಲ, ಏಕೆಂದರೆ ಎಸೆದ ಚೆಂಡನ್ನು ಯಾರೂ ಮುಟ್ಟದೆ ಅದು ನೆಲಕ್ಕೆ ಬಿದ್ದರೆ ಎದುರಾಳಿಗಳ ಪಾಲಾಗುತ್ತಿತ್ತು. ಅಷ್ಟು ದೊಡ್ಡ ಅಪಾಯವನ್ನು ಯಾವ ತರಬೇತುದಾರ ತಾನೇ ಮೈಮೇಲೆ ಎಳೆದುಕೊಂಡಾನು? 1912ರಲ್ಲಿ ನಾಲ್ಕನೆಯ ಯತ್ನವನ್ನು ಸೇರಿಸಿ, ಪಾಸ್ ಇಪ್ಪತ್ತು ಗಜ ಮೀರಬಾರದೆಂಬ ಮಿತಿಯನ್ನು ತೆಗೆದ ಮೇಲೆ, 1913ರ ನವೆಂಬರ್ 1ರಂದು ನೋಟರ್ ಡೇಮ್ ತಂಡವು ಗಸ್ ಡೊರೈಸ್ ಮತ್ತು ನೂಟ್ ರಾಕ್ನಿ ಜೋಡಿಯ ಪಾಸ್‌ಗಳ ಬಲದಿಂದ ಆರ್ಮಿ ತಂಡವನ್ನು ಅದರದೇ ಅಂಗಳದಲ್ಲಿ 35–13ರಿಂದ ಸೋಲಿಸಿತು. ಓಟ ಮತ್ತು ಪಾಸ್‌ಗಳ ತಕ್ಕಡಿಯನ್ನು ಆಟಗಾರರ ಒಲವಿನಷ್ಟೇ ನಿಯಮದ ಪುಸ್ತಕವೂ ತೂಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಪಾಸ್ ಬಂದು ಆರು ದಶಕಗಳಾದ ಮೇಲೂ ಓಟವೇ ಆಳಿತೆಂಬುದನ್ನು ನಮ್ಮ ಬರಹಗಾರರು ಮರೆಯುತ್ತಾರೆ. 1968ರಲ್ಲಿ ಟೆಕ್ಸಸ್ ತಂಡ ಬಳಸತೊಡಗಿದ ವಿಶ್‌ಬೋನ್ ವ್ಯೂಹದಲ್ಲಿ, ಆಕ್ರಮಣವನ್ನು ನಡೆಸಿ ಪಾಸ್ ಎಸೆಯುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್‌ನ ಹಿಂದೆ ಮೂವರು ಓಟಗಾರರು ನಿಲ್ಲುತ್ತಿದ್ದರು. ಅದೇ ವ್ಯೂಹದಿಂದ ಒಕ್ಲಹೋಮ ತಂಡವು 1971ರಲ್ಲಿ ಓಟದಿಂದಲೇ ಪಂದ್ಯವೊಂದಕ್ಕೆ ಸರಾಸರಿ 472 ಗಜ ಗಳಿಸಿತು. ಅದರ ಮರುವರ್ಷವೇ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಲಾವೆಲ್ ಎಡ್ವರ್ಡ್ಸ್ ಮುಖ್ಯ ತರಬೇತುದಾರರಾಗಿ ಪಾಸ್‌ನ ಪರಂಪರೆಯನ್ನು ಕಟ್ಟತೊಡಗಿದರು. ಮುಂದೆ ಹಾಲ್ ಮಮ್ಮಿ ಮತ್ತು ಮೈಕ್ ಲೀಚ್ ರೂಪಿಸಿದ ‘ಏರ್ ರೇಡ್’ ಪದ್ಧತಿಯು ಅಂಗಳದ ಉದ್ದಗಲಕ್ಕೂ ಆಟಗಾರರನ್ನು ಹರಡಿ, ಚೆಂಡನ್ನು ಬೇಗಬೇಗನೆ ಎಸೆಯುವುದನ್ನೇ ಅಭ್ಯಾಸ ಮಾಡಿಸಿತು.

ಈ ಪದ್ಧತಿಯ ಸಾಧನೆ ನಿಸ್ಸಂಶಯವಾಗಿ ದೊಡ್ಡದು. ಆದರೆ ಅದರ ಅಂಕಿಗಳನ್ನು ನೋಡುವಾಗ ಎಚ್ಚರ ಬೇಕು. ಒಂದೇ ಪಂದ್ಯದಲ್ಲಿ 734 ಗಜ ಪಾಸ್ ಎಸೆದ ದಾಖಲೆಯನ್ನು 2014ರಲ್ಲಿ ವಾಷಿಂಗ್ಟನ್ ಸ್ಟೇಟ್‌ನ ಕಾನರ್ ಹ್ಯಾಲಿಡೆ ಮಾಡಿದರು, 2016ರಲ್ಲಿ ಟೆಕ್ಸಸ್ ಟೆಕ್‌ನ ಪ್ಯಾಟ್ರಿಕ್ ಮಹೋಮ್ಸ್ ಸರಿಗಟ್ಟಿದರು. ಆ ಎರಡೂ ಪಂದ್ಯಗಳಲ್ಲಿ ಅವರವರ ತಂಡಗಳು ಸೋತವು. ಒಂದು 59–60ರಿಂದ, ಇನ್ನೊಂದು 59–66ರಿಂದ. ಕ್ವಾರ್ಟರ್‌ಬ್ಯಾಕ್‌ನ ಗಜಗಳನ್ನಷ್ಟೇ ಮುದ್ರಿಸಿ ಪಂದ್ಯವನ್ನು ವಿವರಿಸಿದೆವೆಂದು ತಿಳಿಯುವ ವರದಿಗಾರರು ಈ ಎರಡು ಫಲಿತಾಂಶಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ನನ್ನ ಕೋರಿಕೆ.

ನನ್ನ ವಾದದ ತಿರುಳು ಇನ್ನು ಮುಂದಿದೆ. ಆಟಗಾರರನ್ನು ಅಗಲಕ್ಕೆ ಹರಡುವುದು ಪಾಸ್‌ಗೆಂದೇ ಹುಟ್ಟಿದ ಉಪಾಯವಾದರೂ, ಅದರ ಹೆಚ್ಚಿನ ಲಾಭ ದಕ್ಕಿದ್ದು ಓಟಗಾರರಿಗೆ. ಪಾಸ್ ಹಿಡಿಯುವವರು ಅಂಚಿಗೆ ಹೋಗಿ ನಿಂತರೆ ಅವರನ್ನು ಕಾಯುವವರೂ ಅಂಚಿಗೆ ಹೋಗಬೇಕು. ನಡುವೆ ಉಳಿದ ರಕ್ಷಕರ ಸಂಖ್ಯೆ ಇಳಿಯುತ್ತದೆ. ಆಗ ಮುಂಚೂಣಿಯ ಐವರು ಭಾರಿ ಆಳುಗಳು ದಾರಿ ಬಿಡಿಸುವುದು ಸುಲಭವಾಗುತ್ತದೆ. ಸಣ್ಣದೊಂದು ಕಾಲೇಜಿನಲ್ಲಿ ತರಬೇತುದಾರರಾಗಿದ್ದ ರಿಚ್ ರಾಡ್ರಿಗಸ್ 1990ರ ದಶಕದ ಆರಂಭದಲ್ಲಿ ಬೆಳೆಸಿದ ‘ಝೋನ್ ರೀಡ್’ ಇದರ ಮೇಲೆಯೇ ನಿಂತಿದೆ: ಕ್ವಾರ್ಟರ್‌ಬ್ಯಾಕ್ ಎದುರಾಳಿ ಸಾಲಿನ ಅಂಚಿನ ಒಬ್ಬನನ್ನು ಯಾರಿಂದಲೂ ತಡೆಸದೆ ಬಿಟ್ಟು, ಅವನ ಚಲನೆಯನ್ನು ಕಂಡು ಚೆಂಡನ್ನು ಓಟಗಾರನಿಗೆ ಕೊಡುತ್ತಾನೆ, ಇಲ್ಲವೇ ತಾನೇ ಇಟ್ಟುಕೊಂಡು ಓಡುತ್ತಾನೆ. ಕಬಡ್ಡಿಯಲ್ಲಿ ಎದುರಂಕಣದಲ್ಲಿ ಆರು ಅಥವಾ ಏಳು ಮಂದಿ ಇದ್ದಾಗಷ್ಟೇ ಬೋನಸ್ ಗೆರೆಗೆ ಬೆಲೆ ಇರುವುದರಿಂದ ರೈಡರ್ ಕಾಲಿಡುವ ಮುನ್ನವೇ ತಲೆ ಎಣಿಸುತ್ತಾನಲ್ಲ, ಕಾಲೇಜು ಕ್ವಾರ್ಟರ್‌ಬ್ಯಾಕ್ ಮಾಡುವುದೂ ಅದನ್ನೇ. ಎದುರು ಜನ ಹೆಚ್ಚಿದ್ದರೆ ಪಾಸ್, ಕಡಿಮೆಯಿದ್ದರೆ ಓಟ.

ಓಟ ಮತ್ತು ಪಾಸ್ ಎರಡನ್ನೂ ಒಂದೇ ಯತ್ನದಲ್ಲಿ ಬೆಸೆಯುವ ಆಯ್ಕೆಯ ಆಟ ಈಗ ಎಲ್ಲೆಡೆ ಇದೆ. ಅಲ್ಲಿ ಓಟಗಾರನ ಹೊಟ್ಟೆಗೆ ಚೆಂಡನ್ನು ಒತ್ತಿ ಹಿಡಿದ ಕ್ಷಣದಲ್ಲೂ ಕ್ವಾರ್ಟರ್‌ಬ್ಯಾಕ್‌ಗೆ ಮನಸ್ಸು ಬದಲಿಸಲು ಅವಕಾಶವಿರುತ್ತದೆ. ಇದಕ್ಕೆ ನಿಯಮವೂ ನೆರವಾಗಿದೆ. ಪಾಸ್ ಎಸೆಯುವ ಹೊತ್ತಿಗೆ ಮುಂಚೂಣಿಯವರು ವೃತ್ತಿಪರ ಆಟದಲ್ಲಿ ಒಂದು ಗಜ ಮಾತ್ರ ಮುಂದೆ ಹೋಗಿರಬಹುದು, ಕಾಲೇಜಿನಲ್ಲಿ ಮೂರು ಗಜದವರೆಗೆ ಹೋಗಿರಬಹುದು; ಹಾಗಾಗಿ ಅವರು ಓಟಕ್ಕೆ ದಾರಿ ಬಿಡಿಸತೊಡಗಿದ ಮೇಲೂ ಪಾಸ್ ಎಸೆಯಬಹುದು. ಅಂಗಳದ ಗುರುತುಗಳೂ ಬೇರೆ: ಚೆಂಡನ್ನು ಇಡುವ ಎರಡು ಸಾಲುಗಳ ನಡುವೆ ವೃತ್ತಿಪರ ಅಂಗಳದಲ್ಲಿ 18.5 ಅಡಿ, ಕಾಲೇಜಿನಲ್ಲಿ 40 ಅಡಿ. ಚೆಂಡು ಒಂದು ಮಗ್ಗುಲಿಗೆ ಬಿದ್ದಾಗ ಇನ್ನೊಂದು ಮಗ್ಗುಲಲ್ಲಿ ದೊಡ್ಡ ಬಯಲೇ ತೆರೆದುಕೊಳ್ಳುತ್ತದೆ, ಅಲ್ಲಿ ಓಡಬಲ್ಲ ಕ್ವಾರ್ಟರ್‌ಬ್ಯಾಕ್‌ನ ಬೆಲೆ ತಾನಾಗಿ ಏರುತ್ತದೆ. ವೃತ್ತಿಪರ ಲೀಗ್‌ನ ಅಂಕಿಗಳನ್ನು ತಂದು ಕಾಲೇಜು ಆಟದ ಬಗ್ಗೆ ತೀರ್ಪು ಕೊಡುವುದು ಈ ಕಾರಣಕ್ಕೇ ತಪ್ಪು.

ಅಂಕಿಗಳ ಲೆಕ್ಕದಲ್ಲೇ ಒಂದು ತೊಡಕಿದೆ, ಅದನ್ನು ಯಾರೂ ಹೇಳುವುದಿಲ್ಲ. ಪಾಸ್ ಎಸೆಯಲು ಹಿಂದೆ ಸರಿದ ಕ್ವಾರ್ಟರ್‌ಬ್ಯಾಕ್ ಅಲ್ಲಿಯೇ ಸಿಕ್ಕಿಬಿದ್ದು ಕಳೆದುಕೊಳ್ಳುವ ಗಜಗಳನ್ನು ವೃತ್ತಿಪರ ಲೀಗ್ ತಂಡದ ಪಾಸ್ ಖಾತೆಯಿಂದ ಕಳೆಯುತ್ತದೆ. ಕಾಲೇಜು ಲೆಕ್ಕದಲ್ಲಿ ಅವನ್ನು ಓಟದ ಖಾತೆಯಿಂದ ಕಳೆಯುತ್ತಾರೆ. ಪಾಸ್ ಪ್ರಯತ್ನದ ವೈಫಲ್ಯವನ್ನು ಓಟದ ತಲೆಗೆ ಕಟ್ಟಿ, ಆಮೇಲೆ ಓಟ ದುರ್ಬಲವಾಯಿತೆಂದು ಬರೆಯುವುದು ನ್ಯಾಯವಲ್ಲ.

ಈಚಿನ ಋತುಗಳನ್ನೇ ನೋಡಿ. 2019ರಲ್ಲಿ ಜೋ ಬರೋ 60 ಟಚ್‌ಡೌನ್ ಪಾಸ್‌ಗಳೊಂದಿಗೆ (ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ತರುವ ಪಾಸ್‌ಗಳು) ಲೂಸಿಯಾನ ಸ್ಟೇಟ್ ತಂಡವನ್ನು ಒಂದೂ ಸೋಲಿಲ್ಲದೆ ಚಾಂಪಿಯನ್ ಪಟ್ಟಕ್ಕೆ ಕೊಂಡೊಯ್ದಾಗ ಪಾಸ್‌ನ ವಿಜಯ ಪೂರ್ಣವಾದಂತೆ ಎಲ್ಲರೂ ಬರೆದರು. ನಾಲ್ಕು ವರ್ಷಗಳ ಬಳಿಕ, 2023ರ ನವೆಂಬರ್‌ನಲ್ಲಿ, ಮಿಷಿಗನ್ ತಂಡವು ಪೆನ್ ಸ್ಟೇಟ್ ವಿರುದ್ಧ ದ್ವಿತೀಯಾರ್ಧದಲ್ಲಿ ಲೆಕ್ಕಕ್ಕೆ ಬಂದ ಒಂದು ಪಾಸ್ ಕೂಡ ಎಸೆಯದೆ 24–15ರಿಂದ ಗೆದ್ದಿತು. ಅದೇ ತಂಡ 2024ರ ಜನವರಿಯ ಅಂತಿಮ ಪಂದ್ಯದಲ್ಲಿ, ಪಾಸ್‌ಗೆ ಹೆಸರಾದ ವಾಷಿಂಗ್ಟನ್ ವಿರುದ್ಧ ಓಟದಲ್ಲೇ 303 ಗಜ ಗಳಿಸಿ 34–13ರಿಂದ ಪ್ರಶಸ್ತಿ ಪಡೆಯಿತು. 2024ರ ಋತುವಿನಲ್ಲಿ ಬಾಯ್ಸಿ ಸ್ಟೇಟ್‌ನ ಆಷ್ಟನ್ ಜೆಂಟಿ 2,601 ಗಜ ಓಡಿದರು. 1988ರಲ್ಲಿ ಬ್ಯಾರಿ ಸ್ಯಾಂಡರ್ಸ್ ಸ್ಥಾಪಿಸಿದ 2,628 ಗಜಗಳ ದಾಖಲೆಗೆ ಕೇವಲ 27 ಗಜ ಕಡಿಮೆ. ಸ್ಯಾಂಡರ್ಸ್ ಅದನ್ನು 11 ಪಂದ್ಯಗಳಲ್ಲಿ ಸಾಧಿಸಿದ್ದರು, ಜೆಂಟಿ 14 ಆಡಿದರು ಎಂಬುದನ್ನೂ ಹೇಳಲೇಬೇಕು. ಆದರೂ ಸತ್ತುಹೋದ ಕಲೆಯೊಂದರಿಂದ ಇಷ್ಟು ಗಜಗಳು ಹುಟ್ಟುವುದಿಲ್ಲ.

ದಾವಣಗೆರೆ ಮತ್ತು ಚಿತ್ರದುರ್ಗದ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರಿಗೂ ಈ ವಿಷಯ ಉಪಯುಕ್ತವೆಂದು ನಾನು ನಂಬಿದ್ದೇನೆ, ಏಕೆಂದರೆ ಆಕ್ರಮಣದ ಎರಡು ಬಗೆಗಳು ಒಂದನ್ನೊಂದು ಹೇಗೆ ಪೋಷಿಸುತ್ತವೆಂಬುದನ್ನು ಇಷ್ಟು ನಿಚ್ಚಳವಾಗಿ ತೋರಿಸುವ ಕಾಲೇಜು ಕ್ರೀಡೆ ಮತ್ತೊಂದಿಲ್ಲ. ಆಗಸ್ಟ್ ಕೊನೆಗೆ ಅಲ್ಲಿ ಹೊಸ ಋತು ಆರಂಭವಾಗುತ್ತದೆ. ಆಗ ಪಂದ್ಯದ ವರದಿ ಪ್ರಕಟಿಸುವಾಗ ಪಾಸ್‌ನ ಗಜಗಳ ಪಕ್ಕದಲ್ಲೇ ಓಟದ ಗಜಗಳನ್ನೂ, ಕ್ವಾರ್ಟರ್‌ಬ್ಯಾಕ್ ಸಿಕ್ಕಿಬಿದ್ದು ಕಳೆದುಕೊಂಡ ಗಜಗಳನ್ನು ಪ್ರತ್ಯೇಕವಾಗಿಯೂ ಕೊಡಬೇಕೆಂದು, ಸ್ಥಳವಿದ್ದರೆ ಮುಂಚೂಣಿಯ ಐವರ ಆಟದ ಬಗ್ಗೆ ಎರಡು ಸಾಲನ್ನಾದರೂ ಬರೆಸಬೇಕೆಂದು ತಮ್ಮಲ್ಲಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಬೋಧಕ,
ವಿದ್ಯಾನಗರ, ದಾವಣಗೆರೆ